ಭಾಗಮ್ಮನ ಬಲಗೈ

ಬಸವಕಲ್ಯಾಣದ ತ್ರಿಪುರಾಂತದ ಕಡೆ ಒಂದು ಓಣಿಯಲ್ಲಿ ಮಹಾರುದ್ರಪ್ಪನ ಮನೆ. ಬೆಳಗಾಯಿತೆಂದು ಆ ಓಣಿಗೆ ತಿಳಿಯುವುದು ಆ ಮನೆಯೊಳಗಿನ ರೊಟ್ಟಿ ಬಡಿಯುವ ಸದ್ದಿನಿಂದ. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಹತ್ತು ಗಂಟೆಯೊಳಗೆ ಮುಟ್ಟಬೇಕು. ಅತ್ತೆ ಭಾಗಮ್ಮ ಬಡಿಯುವವಳು, ಸೊಸೆ ಸುಗಂಧಾ ಹೆಂಚಿನ ಮೇಲೆ ಬೇಯಿಸುವವಳು. ಸುಗಂಧಾ ಹುಮನಾಬಾದಿನಿಂದ ಮದುವೆಯಾಗಿ ಬಂದ ಹನ್ನೊಂದು ವರ್ಷಗಳಲ್ಲಿ ಈ ಪಾಳಿ ಬದಲಾಗಿರಲಿಲ್ಲ.

ಬದಲಾದದ್ದು ಹೋದ ಚಳಿಗಾಲದಲ್ಲಿ. ಭಾಗಮ್ಮನ ಬಲಗೈ ಭುಜದ ಹತ್ತಿರ ಹಿಡಿದುಕೊಂಡಿತು. ಎದೆಯ ಮಟ್ಟಕ್ಕೆ ಬಂದ ಕೈ ಮುಂದೆ ಹೋಗದು. ರೊಟ್ಟಿ ಬಡಿಯಲು ಅಷ್ಟು ಸಾಕಾಗುತ್ತಿತ್ತು, ಉಳಿದದ್ದಕ್ಕೆ ಸಾಲದು. ಕುಪ್ಪಸದ ತೋಳಿಗೆ ಕೈ ತೂರಿಸಲು ಹತ್ತು ವರ್ಷದ ಮೊಮ್ಮಗಳು ಐಶ್ವರ್ಯ ಬರಬೇಕು. ಮೇಲಿನ ಹಲಗೆಯ ಡಬ್ಬಿ ಇಳಿಸಲು ಸುಗಂಧಾ ಬರಬೇಕು. ಅರವತ್ತೊಂದು ವರ್ಷಕ್ಕೇ ಹೀಗಾಯಿತಲ್ಲ ಎಂದು ಎಣ್ಣೆ ತಿಕ್ಕಿದರು, ಬಿಸಿ ಇಟ್ಟಿಗೆಯಿಂದ ಕಾವು ಕೊಟ್ಟರು. ಕೊನೆಗೆ ದವಾಖಾನೆಗೆ ಹೋದರೆ ಡಾಕ್ಟರು ಗುಳಿಗೆ ಬರೆದುಕೊಟ್ಟು, "ಇದ್ರಿಂದ ನೋವು ಇಳೀತದ, ಕೈ ಏಳಂಗಿಲ್ಲ. ಹಿಂದಿನ ಹಾಲ್‌ನಾಗ ಮುಂಜಾನಿ ಯೋಗ ಕಲಿಸ್ತಾರ, ಹೋಗ್ರಿ," ಅಂದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಹಾರುದ್ರಪ್ಪ ಪುಂಡಿಪಲ್ಲೆಗೆ ರೊಟ್ಟಿ ಅದ್ದುತ್ತ ನಕ್ಕ.

"ಹುಟ್ಟಿದಾಗಿಂದ ಬಗ್ಗೀನೇ ಬದುಕಿದಾಕಿಗಿ ಇನ್ನ ಬಗ್ಗೋದು ಕಲಿಸ್ತಾರಂತ."

"ಬಗ್ಗೋದಲ್ಲಂತ್ರಿ, ಎದ್ದು ನೆಟ್ಟಗ ನಿಲ್ಲೋದಂತ," ಅಂದಳು ಭಾಗಮ್ಮ.

ಮಗ ಶಂಕರಲಿಂಗ ಲಾರಿ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವನು. "ಹೋಗ್ಲಿ ಬಿಡಪ್ಪ," ಅಂದ. "ಬೋಲ್ಟಿಗಿ ಜಂಗ್ ಹಿಡಿದ್ರ ನಾವೂ ಎಣ್ಣಿ ಬಿಟ್ಟು ಜರಾ ಜರಾ ತಿರುವ್ತೀವಿ. ಒಮ್ಮೆಲೆ ತಿರುವಿದ್ರ ಮುರೀತದ, ಬಿಟ್ಟುಬಿಟ್ರ ಅಲ್ಲೇ ಕುಂದರ್ತದ."

"ನಿಮ್ಮವ್ವ ಏನು ಲಾರಿ ಏನು?"

"ಲಾರಿಗಿಂತ ಹೆಚ್ಚು ಲೋಡ್ ಎಳದಾಳ."

ಎಲ್ಲರೂ ನಕ್ಕರು. ಆರರಿಂದ ಏಳರವರೆಗೆ ಅತ್ತೆ ಹಾಲ್‌ನಲ್ಲಿದ್ದರೆ ರೊಟ್ಟಿ ಬಡಿಯುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಸುಗಂಧಾ ತಾನೇ ಕೇಳಬಹುದಿತ್ತು. ಅವಳು ಎದ್ದು ತಾಟುಗಳನ್ನು ಎತ್ತಿಕೊಂಡು ಹೋದಳು.

ಮೊದಲ ದಿನ ಭಾಗಮ್ಮ ಹೆದರಿಕೊಂಡೇ ಹೋದಳು. ಅಲ್ಲಿ ಪ್ಯಾಂಟು ಹಾಕಿದ ಹುಡುಗಿಯರು ಇರುತ್ತಾರೆ, ಕಾಲು ಕುತ್ತಿಗೆಗೆ ಸುತ್ತಿಕೊಳ್ಳಲು ಹೇಳುತ್ತಾರೆ ಎಂದು ಅವಳ ಎಣಿಕೆ. ಹೋಗಿ ನೋಡಿದರೆ ಶುಗರ್ ಇದ್ದ ಒಬ್ಬ ನಿವೃತ್ತ ಮಾಸ್ತರು, ಮಂಡಿನೋವಿನ ಇಬ್ಬರು ಮುದುಕಿಯರು, ಕಾಲೇಜಿನ ಒಂದು ಹುಡುಗಿ, ಬಳೆ ಅಂಗಡಿಯ ಅನ್ವರಿ, ಹೀಗೆ ಹತ್ತು ಹನ್ನೊಂದು ಮಂದಿ. ಕಲಿಸುವವಳು ಮಯೂರಿ, ಹುಮನಾಬಾದಿನವಳು, ಇಪ್ಪತ್ತಾರು ವರ್ಷದ ಹುಡುಗಿ. ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಮೊದಲ ವಾರ ಅವಳು ಉಸಿರು ಎಳೆದುಕೊಳ್ಳುವುದು, ಬಿಡುವುದು, ಕುತ್ತಿಗೆ ಹೊರಳಿಸುವುದು ಇಷ್ಟೇ ಮಾಡಿಸಿದಳು. ಭಾಗಮ್ಮನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, "ಆಯಿ, ಬೆರಳು ಇರುವಿ ಹತ್ತಿದಂಗ ಗೋಡಿ ಹತ್ತಲಿ. ನೋವಾತಂದ್ರ ಅಲ್ಲೇ ನಿಲ್ಸಿ ನಾಲ್ಕು ಉಸಿರು ತಗೋರಿ. ಬಾಜೂದವ್ರನ್ನ ನೋಡಬ್ಯಾಡ್ರಿ," ಅಂದಳು.

ಬರುವಾಗ ಅನ್ವರಿ ಜೊತೆಗೆ ಬಂದು ಬಾಗಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಳು.

"ಸುಗಂಧಾ ಬೇಟಿ, ನಾ ಅಂದೆ, ನನ್ನ ಪೇಟ್ ನೋಡಿ ಹೇಳವ್ವ, ನಾ ನೆಲದಾಗ ಕುಂತ್ರ ಎಬ್ಬಸಾಕ ನಾಲ್ಕು ಮಂದಿ ಬೇಕು. ಆಕಿ ನಗಲಿಲ್ಲ ನೋಡು, ಕುರ್ಚಿ ತಂದು ಹಾಕಿದ್ಲು. ಕುರ್ಚಿಮ್ಯಾಲೇ ಯೋಗಾ. ಹಂಗಂದ್ರ ಇಪ್ಪತ್ತು ವರ್ಷದಿಂದ ನಾ ಅಂಗಡ್ಯಾಗ ಯೋಗಾನೇ ಮಾಡಾಕತ್ತೇನಿ."

"ನಿಮ್ದು ಬರೋಬರಿ ಅದ ಅನ್ವರಿಬಿ," ಸುಗಂಧಾ ಹಿಟ್ಟಿನ ಕೈಯಲ್ಲೇ ಅಂದಳು. "ನಮ್ಮನ್ಯಾಗ ನಿಂತು ಮಾಡೋ ಯೋಗಾ ನಂದು ಒಬ್ಬಾಕಿದು."

ಅನ್ವರಿ ನಕ್ಕಳು. ಭಾಗಮ್ಮ ನಗಲಿಲ್ಲ. ಲಗುಬಗೆಯಿಂದ ಕೈ ತೊಳೆದು ಹಲಗೆಯ ಮುಂದೆ ಕೂತಳು.

ಸುಗಂಧಾ ಈಗ ಐದಕ್ಕೇ ಏಳಬೇಕಿತ್ತು. ಹಿಟ್ಟು ನಾದುವುದು, ಬಡಿಯುವುದು, ಬೇಯಿಸುವುದು ಮೂರೂ ಅವಳದೇ. ಮೂರು ದಿನಕ್ಕೊಮ್ಮೆ ನಳ ಬರುವ ದಿನ ಕೊಡ ಹೊರುವುದೂ ಅವಳದೇ. ಏಳೂಕಾಲಿಗೆ ಅತ್ತೆ ಬರುವಾಗ ಮುಖದಲ್ಲಿ ಏನೋ ಒಂದು ನಿರಾಳ ಇರುತ್ತಿತ್ತು. ಅದನ್ನು ಕಂಡರೆ ಸುಗಂಧಾಗೆ ಮೈ ಉರಿಯುತ್ತಿತ್ತು.

ಆದರೆ ಕೈ ಮೇಲೇರುತ್ತಿದ್ದುದು ಸುಳ್ಳಲ್ಲ. ಐಶ್ವರ್ಯ ಪಡಸಾಲೆಯ ಗೋಡೆಯ ಮೇಲೆ ಅಜ್ಜಿಯ ಬೆರಳು ಮುಟ್ಟಿದಲ್ಲಿ ವಾರಕ್ಕೊಂದು ಗೆರೆ ಎಳೆಯುತ್ತಿದ್ದಳು. ಮೂರನೆಯ ವಾರಕ್ಕೆ ಗೆರೆ ಭಾಗಮ್ಮನ ಗದ್ದ ದಾಟಿತು, ಐದನೆಯ ವಾರಕ್ಕೆ ಹಣೆಗೆ ಬಂತು. ಗುಳಿಗೆ ಇಲ್ಲದೆ ನಿದ್ದೆ ಬರತೊಡಗಿತು. ಒಂದು ದಿನ ಸುಗಂಧಾ ಒಳಗೆ ಬಂದಾಗ ಅತ್ತೆ ಮೇಲಿನ ಹಲಗೆಯಿಂದ ಶೇಂಗಾ ಹಿಂಡಿಯ ಡಬ್ಬಿಯನ್ನು ತಾನೇ ಇಳಿಸುತ್ತಿದ್ದಳು.

"ಇನ್ನ ಕೈ ಬಂತಲ್ರಿ ಅತ್ತಿ," ಅಂದಳು ಸುಗಂಧಾ. "ಇನ್ನೂ ಎಷ್ಟು ದಿನ ಹೋಗ್ತೀರಿ?"

"ಅರ್ಧ ಬಂದದ. ಬಿಟ್ರ ವಾಪಸ್ ಹೋಗ್ತದಂತ ಮಯೂರಿ." ಭಾಗಮ್ಮ ಡಬ್ಬಿಯ ಮುಚ್ಚಳ ಒರೆಸಿದಳು. "ಮತ್ತ, ಅಲ್ಲಿ ಒಂದು ತಾಸು ಯಾರೂ ನನಗ ಏನೂ ಬೇಡಂಗಿಲ್ಲ ನೋಡು. ಸುಮ್ಮ ಕುಂತು ಉಸಿರು ತಗೋ ಅಂತಾರ. ಅಂಥಾದ್ದು ಯಾರು ಹೇಳ್ಯಾರ ನಮಗ?"

ನನಗೂ ಯಾರೂ ಹೇಳಿಲ್ಲ ಎಂದು ಸುಗಂಧಾಗೆ ಅನ್ನಿಸಿತು.

ಜೂನ್ ಇಪ್ಪತ್ತೊಂದು ಬಂತು. ಯೋಗ ದಿನವೆಂದು ಹಾಲ್‌ಗೆ ಬಾಳೆಗಿಡ ಕಟ್ಟಿದ್ದರು. ಭಾಗಮ್ಮ ಸ್ನಾನ ಮಾಡಿ ಮೂರೆಳೆ ವಿಭೂತಿ ಹಚ್ಚಿಕೊಂಡು, ಎತ್ತಿಟ್ಟ ಸೀರೆ ಉಟ್ಟು ಹೋದಳು. ಅವತ್ತೇ ನಳ ಬಂದಿತ್ತು. ಅವತ್ತೇ ಖಾನಾವಳಿಯವನು ಇನ್ನೂ ಐವತ್ತು ಹೆಚ್ಚಿಗೆ ಬೇಕೆಂದು ಹೇಳಿಕಳಿಸಿದ್ದ. ಅವಸರದಲ್ಲಿ ಸುಗಂಧಾಳ ಅಂಗೈ ಹೆಂಚಿಗೆ ತಾಗಿ ಬೊಬ್ಬೆ ಎದ್ದಿತು. ಏಳೂವರೆಯಾಯಿತು, ಎಂಟಾಯಿತು, ಅತ್ತೆಯ ಸುಳಿವಿಲ್ಲ. ಆಗ ಸುಗಂಧಾಳ ಫೋನಿಗೆ ಮಯೂರಿಯಿಂದ ಒಂದು ಫೋಟೋ ಬಂತು. ಕೆಳಗೆ ಬರೆದಿದ್ದಳು: "ವೈನಿ, ಇವತ್ತು ಆಯಿಗೆ ಸನ್ಮಾನ. ಎರಡು ತಿಂಗಳ ಹಿಂದೆ ಕೈ ಎತ್ತಲು ಬರುತ್ತಿರಲಿಲ್ಲ. ನೀವು ಮನೆ ನೋಡಿಕೊಂಡಿದ್ದಕ್ಕೇ ಇದಾಯಿತು."

ಫೋಟೋದಲ್ಲಿ ಭಾಗಮ್ಮ ಗೋಡೆಗೆ ಆತು ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಹೆಗಲ ಮೇಲೆ ಶಾಲು, ಕೊರಳಲ್ಲಿ ದಪ್ಪ ಹೂಮಾಲೆ, ಹಣೆಯಲ್ಲಿ ವಿಭೂತಿ. ಮಾಲೆಯನ್ನು ತಲೆಯ ಮೇಲಿಂದ ತೆಗೆಯುವಷ್ಟು ಕೈ ಇನ್ನೂ ಏಳುತ್ತಿರಲಿಲ್ಲವಾದ್ದರಿಂದ ಅದನ್ನು ಹಾಗೇ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಉಸಿರಿನ ಅಭ್ಯಾಸಕ್ಕೆ ಕೂತಿದ್ದಳು.

ಸುಗಂಧಾಗೆ ಕಂಡದ್ದು ಒಬ್ಬ ರಾಣಿ. ಮಯೂರಿ ಬರೆದದ್ದು ಬೊಬ್ಬೆ ಎದ್ದ ಅಂಗೈಗೆ ಉಪ್ಪು ಸವರಿದಂತಾಯಿತು. ಬರಹ ಬಿಟ್ಟು ಬರೀ ಫೋಟೋವನ್ನು ಚಿಟಗುಪ್ಪದಲ್ಲಿದ್ದ ತನ್ನ ಚಿಕ್ಕವ್ವ ಮಾಣಿಕಮ್ಮನಿಗೆ ಕಳಿಸಿದಳು. ಕೆಳಗೆ "ನಮ್ಮ ಅತ್ತಿ" ಎಂದು ಒತ್ತಿ, ಒಂದು ಕೈಮುಗಿಯುವ ಚಿತ್ರ ಹಾಕಿದಳು. ಚಿಕ್ಕವ್ವ ನೋಡಲಿ, ನಗಲಿ, ಮಧ್ಯಾಹ್ನ ಫೋನು ಮಾಡಿದಾಗ ಎಲ್ಲ ಹೇಳಿಕೊಂಡರಾಯಿತು ಅಂದುಕೊಂಡಳು. ಫೋನನ್ನು ಒಳಕೋಣೆಯಲ್ಲಿ ಚಾರ್ಜಿಗೆ ಹಾಕಿ, ಉಳಿದ ರೊಟ್ಟಿ ಮುಗಿಸಿ, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಬಳಿದು, ಮಾಲೆ ಹಾಕಿ, ಕಾಲು ಮಡಿಸಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಇದು ಸುಗಂಧಾಗೆ ಗೊತ್ತಿಲ್ಲದ್ದೇನಲ್ಲ. ತನ್ನ ಅಜ್ಜಿಯನ್ನು ಹಾಗೆ ಕೂಡಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೂ ಆ ಬೆಳಿಗ್ಗೆ ಅದು ಹೊಳೆಯಲಿಲ್ಲ.

ಮಾಣಿಕಮ್ಮನ ಮನೆಯ ಹಿಂದಿನ ಓಣಿಯಲ್ಲೇ ಭಾಗಮ್ಮನ ಅಣ್ಣ ಹಣಮಂತನ ಮನೆ. ತನ್ನ ಮಗಳನ್ನು ಶಂಕರಲಿಂಗನಿಗೆ ತರಲಿಲ್ಲ, ಹುಮನಾಬಾದಿನ ಹೆಣ್ಣು ತಂದಳು ಎಂಬ ಸಿಟ್ಟಿಗೆ ಹನ್ನೊಂದು ವರ್ಷದಿಂದ ತಂಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈ ಮನೆಯವರ ಫೋನ್ ನಂಬರೂ ಅವನಲ್ಲಿರಲಿಲ್ಲ. ಮಾಣಿಕಮ್ಮ ನಾಲ್ಕು ಸಲ ಸುಗಂಧಾಗೆ ಫೋನು ಮಾಡಿ, ಎತ್ತದಿದ್ದಾಗ ಅಳುತ್ತ ಆ ಮನೆಗೆ ಓಡಿದಳು. ಫೋಟೋ ಕಳಿಸಿದ್ದು ಯಾರೆಂದು ಆ ಗಡಿಬಿಡಿಯಲ್ಲಿ ಯಾರೂ ಕೇಳಲಿಲ್ಲ.

ಒಂದೂವರೆಗೆ ಓಣಿಯ ತುದಿಯಲ್ಲಿ ಜೀಪು ನಿಂತಿತು. ಹೆಂಗಸರ ಅಳು ಮೊದಲು ಕೇಳಿತು. ಎಲ್ಲರಿಗಿಂತ ಮುಂದೆ ಹಣಮಂತ, ಎಪ್ಪತ್ತರ ಹತ್ತಿರದ ಮುದುಕ, ತಲೆಯ ಮೇಲೆ ರುಮಾಲಿಲ್ಲ, "ನನ್ನ ತಂಗೀ, ಮಾತಾಡಲಾರದ ಹೋದ್ಯಲ್ಲವ್ವ" ಎಂದು ಎದೆ ಬಡಿದುಕೊಳ್ಳುತ್ತ ಬರುತ್ತಿದ್ದ. ಕಂಕುಳಲ್ಲಿ ಹೊಸ ಸೀರೆಯಿತ್ತು. ಸತ್ತ ಹೆಣ್ಣುಮಗಳಿಗೆ ತವರಿನವರು ಉಡಿಸುವ ಕಡೆಯ ಸೀರೆ.

ಭಾಗಮ್ಮ ಪಡಸಾಲೆಯಲ್ಲಿ ಕೂತು ಬ್ಯಾಳಿ ಅನ್ನ ಉಣ್ಣುತ್ತಿದ್ದಳು.

ಹಣಮಂತ ಬಾಗಿಲಲ್ಲೇ ಕುಸಿದು ಕೂತ. ತಂಗಿಯ ಮುಖ ನೋಡಿದ, ಕಂಕುಳಿನ ಸೀರೆ ನೋಡಿದ. ನೆರೆದ ಓಣಿಯವರಲ್ಲಿ ಯಾರೋ ನಕ್ಕರು. ಆ ನಗು ಅವನಿಗೆ ಕೇಳಿಸಿಬಿಟ್ಟಿತು.

"ನನ್ನ ಕರಸಾಕ ಈ ನಾಟಕ ಮಾಡ್ದೇನು ಭಾಗಿ?"

"ಇಲ್ಲೋ ಅಣ್ಣ. ನನಗೇನೂ ಗೊತ್ತಿಲ್ಲ. ಒಳಗ ಬಾ, ನೀರು ಕುಡಿ."

"ಮಾಲಿ ಹಾಕ್ಕೊಂಡು ಕಣ್ಣು ಮುಚ್ಕೊಂಡು ಫೋಟೋ ತಗಿಸ್ಯಾಳ, ಏನೂ ಗೊತ್ತಿಲ್ಲಂತ. ಊರಾಗ ಹತ್ತು ಮಂದಿ ಕಂಡಂಗ ಅತ್ಕೊಂತ ಬಂದೀನಿ ನಾ." ಸೀರೆಯನ್ನು ಹೊಸ್ತಿಲ ಮೇಲಿಟ್ಟು ಎದ್ದ. "ಇದು ಇಲ್ಲೇ ಇರ್ಲಿ. ಇನ್ನ ನೀ ಖರೇನೇ ಸತ್ತರೂ ನಾ ಬರಂಗಿಲ್ಲ."

ಹೊಲದಿಂದ ಅದೇ ಹೊತ್ತಿಗೆ ಬಂದ ಮಹಾರುದ್ರಪ್ಪ ಹಣಮಂತನ ಕಾಲು ಹಿಡಿಯುವುದೊಂದು ಬಾಕಿ. ಜೀಪು ಹೋಯಿತು. ಹೋದ ಮೇಲೆ ಅವನು ಹೆಂಡತಿಯ ಮುಂದೆ ನಿಂತ.

"ಬದುಕಿರುವಾಗ ಹೆಣಾ ಕುಂತಂಗ ಕುಂತಿ. ಯಾರು ಕಲಿಸಿದ್ರು ಇದು? ಆ ಮಾಸ್ತರಣಿ ಏನು? ಫೋಟೋ ತಗದು ಊರೆಲ್ಲ ಹಂಚ್ಯಾಳ. ನಮ್ಮ ಇಜ್ಜತ್ ತಗದ್ಲು."

ಸುಗಂಧಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನೇ ಕಳಿಸಿದ್ದು ಮಾವ ಅನ್ನಲು ಎಷ್ಟು ಹೊತ್ತು? ಆ ಹೊತ್ತು ಕಳೆದುಹೋಯಿತು. ಒಳಗೆ ಹೋಗಿ ಫೋನಿನಿಂದ ಫೋಟೋ ಅಳಿಸಿದಳು. ಚಿಕ್ಕವ್ವನಿಗೆ ಫೋನು ಮಾಡಿ, "ನನ್ನ ಹೆಸರು ಹೇಳಬ್ಯಾಡವ್ವ, ನಿನ್ನ ಕಾಲು ಬೀಳ್ತೀನಿ," ಅಂದಳು.

ಮರುದಿನ ಮಹಾರುದ್ರಪ್ಪ ಹಾಲ್‌ಗೆ ಹೋದ. ಅವನನ್ನು ತಡೆಯಲೆಂದು ಸುಗಂಧಾಳೂ ಹಿಂದೆ ಹೋದಳು. ಎಲ್ಲರ ಎದುರಿಗೆ ಅವನು ಮಯೂರಿಗೆ ಬಾಯಿಗೆ ಬಂದದ್ದು ಅಂದ. "ಫೋಟೋ ಹಂಚಿ ಹೆಸರು ಮಾಡ್ಕೊಳ್ಳಾಕ ನಮ್ಮ ಮನಿ ಮುದುಕಿನೇ ಬೇಕಿತ್ತೇನು?" ಅಂದ. ಮಯೂರಿ ಆ ಫೋಟೋವನ್ನು ಕಳಿಸಿದ್ದು ಒಂದೇ ಒಂದು ನಂಬರಿಗೆ. ಅವಳು ಸುಗಂಧಾಳ ಕಡೆ ತಿರುಗಿ ನೋಡಿದಳು. ಸುಗಂಧಾ ನೆಲ ನೋಡಿದಳು.

"ತಪ್ಪಾತು ಕಾಕಾ," ಅಂದಳು ಮಯೂರಿ. "ಆಯಿನ್ನ ಬಿಡಿಸಬ್ಯಾಡ್ರಿ ಅಷ್ಟೇ. ಈಗ ಬಿಟ್ರ ಕೈ ವಾಪಸ್ ಹಿಡೀತದ."

"ಹಿಡೀಲಿ."

ಭಾಗಮ್ಮ ಹೋಗುವುದು ನಿಂತಿತು. ಮನೆಯಲ್ಲಿ ಗೋಡೆಗೆ ಕೈ ಹಚ್ಚಿದರೂ ಗಂಡ, "ಮತ್ತ ಶುರು ಆತು," ಅನ್ನುತ್ತಿದ್ದ. ಕಣ್ಣು ಮುಚ್ಚಿ ಕೂತರಂತೂ ಎದ್ದು ಹೊರಗೇ ಹೋಗುತ್ತಿದ್ದ. ಭಾಗಮ್ಮ ಹೋಗದಿದ್ದಕ್ಕೆ ಆ ಇಬ್ಬರು ಮುದುಕಿಯರ ಮನೆಯವರೂ ಕಳಿಸಲಿಲ್ಲ. ಅನ್ವರಿ ಒಂದು ವಾರ ಹೋಗಿ, ಮಾತಿಗೆ ಜನವಿಲ್ಲವೆಂದು ಬಿಟ್ಟಳು. ಜುಲೈ ಮುಗಿಯುವಷ್ಟರಲ್ಲಿ ಹಾಜರಿಗೆ ನಾಲ್ಕು ಹೆಸರು ಉಳಿದವು. ಇಷ್ಟು ಮಂದಿಗೆ ನಡೆಸಲಾಗದೆಂದು ವರ್ಗ ಮುಚ್ಚಿತು. ಮಯೂರಿ ಹುಮನಾಬಾದಿಗೆ ವಾಪಸಾದಳು.

ಸುಗಂಧಾಗೆ ಬೇಕಾಗಿದ್ದು ಸಿಕ್ಕಿತ್ತು. ಬೆಳಿಗ್ಗೆ ಅತ್ತೆ ಹಲಗೆಯ ಮುಂದೆ, ತಾನು ಹೆಂಚಿನ ಮುಂದೆ. ಆದರೆ ಭಾಗಮ್ಮ ಬಡಿಯುತ್ತ ಬಡಿಯುತ್ತ ನಡುವೆ ನಿಲ್ಲಿಸಿ ಭುಜ ಹಿಡಿದುಕೊಳ್ಳುತ್ತಿದ್ದಳು. ಕೈ ಹಣೆಯಿಂದ ಗದ್ದಕ್ಕೆ, ಗದ್ದದಿಂದ ಎದೆಗೆ ಇಳಿಯಿತು. ಆಮೇಲೆ ಎದೆಗೂ ಬಾರದಾಯಿತು. ಅವಳು ಬಡಿಯುವ ರೊಟ್ಟಿ ಅರವತ್ತಕ್ಕೆ ಇಳಿಯಿತು. ಒಂದು ತಾಸಿನ ಬದಲು ಈಗ ಬೆಳಗಿನ ಹೊತ್ತೆಲ್ಲ ಸುಗಂಧಾಳೇ ಬಡಿಯಬೇಕಾಯಿತು.

ಒಂದು ದಿನ ಹಿಟ್ಟು ಜರಡಿ ಹಿಡಿಯುತ್ತ ಭಾಗಮ್ಮ ತಾನಾಗಿಯೇ ಅಂದಳು: "ಒಂದು ಛಲೋ ಆತು ನೋಡು. ನಾ ಸತ್ತರ ನಮ್ಮಣ್ಣ ಅಳ್ತಾನ ಅಂತ ಗೊತ್ತಾತು. ಇಷ್ಟು ವರ್ಷ ಅದೇ ಫಿಕರ್ ಇತ್ತು ನನಗ."

ಸುಗಂಧಾ ಎದ್ದು ಹಿತ್ತಲಿಗೆ ಹೋದಳು. ಬಚ್ಚಲ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದಳು.

ಪಂಚಮಿಗೆ ತವರಿಗೆ ಹೋದಾಗ ಅವಳು ಉಂಡಿ ತಿನ್ನಲು ಕೂಡಲಿಲ್ಲ. ಆಟೋ ಹತ್ತಿ ಅಲ್ಲೇ ಊರ ಹತ್ತಿರದ ಮಾಣಿಕನಗರಕ್ಕೆ ಹೋದಳು. ಮಠದ ದಾರಿಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ ಮಾರುವ ಅಂಗಡಿಯಲ್ಲಿ ಮಯೂರಿ ಇದ್ದಾಳೆಂದು ಕೇಳಿದ್ದಳು. ಇದ್ದಳು. ಎತ್ತರದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಕರ್ಪೂರದ ಪೊಟ್ಟಣ ಕಟ್ಟುತ್ತಿದ್ದಳು.

"ಬರ್ರಿ ವೈನಿ. ಆಯಿ ಹ್ಯಾಂಗಿದ್ದಾರ?"

"ಕೈ ಪೂರ್ತಿ ಹಿಡಕೊಂಡದ." ಸುಗಂಧಾ ನಿಂತೇ ಇದ್ದಳು. "ನೀ ಯಾಕ ಹೇಳಲಿಲ್ಲ ಅವತ್ತು? ನಾ ಕಳಿಸಿದ್ದು ಅಂತ ನಿನಗ ಗೊತ್ತಿತ್ತಲ್ಲ."

"ಹೇಳಿ ಏನ್ ಮಾಡ್ಲಿ? ನಾ ಹೊರಗಿನಾಕಿ, ಎರಡು ದಿನ ಬೈಸ್ಕೊಂಡು ಹೋಗಾಕಿ. ನೀವು ಅದೇ ಮನ್ಯಾಗ ಇರಬೇಕು." ಮಯೂರಿ ದಾರ ಕಡಿದಳು. "ನೀವೇ ಹೇಳ್ತೀರಿ ಅಂತ ಒಂದು ವಾರ ಕಾದೆ, ಅದು ಖರೇ."

ಸುಗಂಧಾ ಸ್ಟೂಲಿನ ಹತ್ತಿರ ಬಂದಳು. "ಈಗೇನು ಮಾಡೋದು?"

"ಮತ್ತ ಮೊದಲಿಂದ. ಛಲೋ ಕೈಲೆ ಬ್ಯಾನಿ ಕೈ ಹಿಡಿದು ಎಷ್ಟು ಬರ್ತದೋ ಅಷ್ಟೇ ಎತ್ತಿಸ್ರಿ. ಡಾಕ್ಟರಿಗೆ ಒಮ್ಮೆ ತೋರಿಸ್ರಿ. ಆದ್ರ ಎರಡನೇ ಸಲ ಹಿಡಿದದ್ದು, ಪೂರ್ತಿ ಬರ್ತದಂತ ನಾ ಹೇಳಂಗಿಲ್ಲ."

ಹಬ್ಬ ಮುಗಿಸಿ ಬಂದ ದಿನವೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಸುಗಂಧಾ ರೊಟ್ಟಿ ಬಡಿಸುತ್ತ ಬಡಿಸುತ್ತ ನಿಂತಳು.

"ಮಾವಾರ, ಆ ಫೋಟೋ ಚಿಟಗುಪ್ಪಾಕ ಕಳಿಸಿದಾಕಿ ನಾನ್ರಿ. ಮಯೂರಿ ಅಲ್ಲ."

ಶಂಕರಲಿಂಗ ತಲೆ ಎತ್ತಿದ. ಮಹಾರುದ್ರಪ್ಪನ ತುತ್ತು ಕೈಯಲ್ಲೇ ನಿಂತಿತು.

"ಯಾಕ?" ಅಂದ ಶಂಕರಲಿಂಗ.

"ಬ್ಯಾಸರಾಗಿತ್ತು. ಒಬ್ಬಾಕಿನೇ ಬಡದು ಬಡದು. ಚಿಕ್ಕವ್ವ ನೋಡಿ ನಗಲಿ ಅಂತ ಕಳಿಸ್ದೆ. ಹಿಂಗಾಗ್ತದಂತ ಅನ್ಕೊಂಡಿರಲಿಲ್ಲ."

ಮಹಾರುದ್ರಪ್ಪ ಬೈಯಲಿಲ್ಲ. "ಆ ಹುಡುಗಿಗಿ ನಾ ಹತ್ತು ಮಂದಿ ಮುಂದ ಏನೇನೋ ಅಂದೆ," ಅಂದ. ತಾಟಿನಲ್ಲೇ ಕೈ ತೊಳೆದು ಎದ್ದ. ಮರುದಿನ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋಗಿ ಮಧ್ಯಾಹ್ನ ಬಂದ. ಏನಾಯಿತೆಂದು ಮಗ ಕೇಳಿದ್ದಕ್ಕೆ, "ಚಾ ಕುಡಿಸಿ ಕಳಿಸಿದ್ಲು," ಎಂದಷ್ಟೇ ಹೇಳಿದ. ಚಿಟಗುಪ್ಪಕ್ಕೂ ಫೋನು ಹಚ್ಚಿದ. ಹಣಮಂತ ಎಲ್ಲ ಕೇಳಿಸಿಕೊಂಡು, "ಆತು," ಎಂದು ಇಟ್ಟುಬಿಟ್ಟ. ಬರುತ್ತೇನೆ ಅನ್ನಲಿಲ್ಲ.

ಭಾಗಮ್ಮ ಮಾತ್ರ ಎರಡು ದಿನ ಸುಗಂಧಾಳ ಹತ್ತಿರ ಆ ವಿಷಯ ಎತ್ತಲಿಲ್ಲ. ಮೂರನೆಯ ದಿನ ಒಲೆಯ ಮುಂದೆ ಕೂತಾಗ ಅಂದಳು:

"ಬ್ಯಾಸರಾಗಿತ್ತಂದ್ರ ನನ್ನ ಮುಂದ ಅನ್ನಬೇಕಿತ್ತು."

"ಅಂದಿದ್ರ ಹೋಗೋದು ಬಿಡ್ತಿದ್ರಿ. ನನ್ನ ಮ್ಯಾಲ ಬರ್ತಿತ್ತು."

"ಬಿಡ್ತಿದ್ದಿಲ್ಲ. ದಿನಾ ಬಿಟ್ಟು ದಿನಾ ಹೋಗ್ತಿದ್ದೆ. ನಡುವಿನ ದಿನ ನಿನ್ನ ಕಳಿಸ್ತಿದ್ದೆ."

ಇದು ಸುಗಂಧಾಳ ತಲೆಗೆ ಎಂದೂ ಬಂದಿರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಮರುದಿನ ಅವಳು ನಸುಕಿನಲ್ಲೇ ಎದ್ದು ಪಡಸಾಲೆ ಗುಡಿಸಿ ಚಾಪೆ ಹಾಸಿದಳು. ಮಹಾರುದ್ರಪ್ಪ ಎಚ್ಚರಿದ್ದ, ಏನೂ ಅನ್ನದೆ ಚೊಂಬು ತೆಗೆದುಕೊಂಡು ಹೊಲದ ಕಡೆ ನಡೆದ. ಭಾಗಮ್ಮ ಚಾಪೆಯ ಮೇಲೆ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ಎತ್ತಿದಳು. ಹೊಟ್ಟೆಯ ಮೇಲಕ್ಕೆ ನಾಲ್ಕು ಬೆರಳು ಬಂತು. ಮುಖ ಹಿಂಡಿತು. ಹಾಗೇ ನಾಲ್ಕು ಉಸಿರು ತೆಗೆದುಕೊಂಡು ಇಳಿಸಿದಳು. ಇನ್ನೊಮ್ಮೆ ಎತ್ತಿದಳು, ಮೊದಲಷ್ಟೂ ಬರಲಿಲ್ಲ.

"ಸಾಕು ಇವತ್ತಿಗಿ," ಅಂದಳು. ಎದ್ದು ಚಾಪೆಯಿಂದ ಈಚೆ ಕೂತಳು. "ನೀ ಕುಂದ್ರು."

"ನಾನ್ಯಾಕ್ರಿ ಅತ್ತಿ?"

"ಹಿಟ್ಟು ನಾದುವಾಗ ನಡಾ ಹಿಡ್ಕೋತಿ. ನಾ ನೋಡಿಲ್ಲಂತ ತಿಳದಿ? ಮೂವತ್ತಮೂರಕ್ಕೇ ಹಿಡ್ಕೋತಿ. ನಂದು ಆದಷ್ಟು ಆತು. ನಿಂದಾದ್ರೂ ಉಳೀಲಿ."

"ರೊಟ್ಟಿ?"

"ಹತ್ತು ನಿಮಿಷ ತಡಾ ಆದ್ರ ಖಾನಾವಳಿ ಮುಚ್ಚಂಗಿಲ್ಲ. ಕುಂದ್ರು."

ಸುಗಂಧಾ ಕೂತಳು. ಚಾಪೆ ಅತ್ತೆ ಕೂತಲ್ಲಿ ಇನ್ನೂ ಬೆಚ್ಚಗಿತ್ತು.

"ಕಣ್ಣು ಮುಚ್ಚು. ಉಸಿರು ತಗೋತ ಎರಡೂ ಕೈ ಬಾಜೂಲಿಂದ ಮ್ಯಾಲ ಎತ್ತು. ಅವಸರ ಮಾಡಬ್ಯಾಡ. ಎಲ್ಲಿ ನೋವಾತು ಅಲ್ಲೇ ನಿಲ್ಸು."

ಸುಗಂಧಾ ಕಣ್ಣು ಮುಚ್ಚಿ ಕೈ ಎತ್ತಿದಳು. ಎಲ್ಲಾದರೂ ಒಂದು ಕಡೆ ನೋಯಲಿ, ನಿಲ್ಲಲಿ ಎಂದು ಕಾದಳು. ಎರಡೂ ಕೈ ಹೆಗಲು ದಾಟಿ, ಕಿವಿ ದಾಟಿ, ನೆತ್ತಿಯ ಮೇಲೆ ಹೋಗಿ ಕೂಡಿದವು. ಅಷ್ಟು ಸಲೀಸಾಗಿ ಹೋಗಬಾರದಿತ್ತು ಅನ್ನಿಸಿತು.

"ಹಾಂ, ಹಂಗ," ಅಂದಳು ಭಾಗಮ್ಮ. "ಇನ್ನ ಹಗೂರಕ ಇಳಿಸು."